ರೋಮನ್ ಗಣರಾಜ್ಯದ ಮತದಾನವನ್ನು ತರಗತಿಯಲ್ಲಿ ನಡೆಸಿ ತೋರಿಸುವ ಬಗೆ

ಪ್ರಥಮ ಪಿಯುಸಿಯ ಇತಿಹಾಸದಲ್ಲಿ ರೋಮ್ ಬಂದಾಗ ಕಾನ್ಸಲ್, ಸೆನೆಟ್, ಟ್ರಿಬ್ಯೂನ್ ಎಂಬ ಹೆಸರುಗಳನ್ನು ಮಕ್ಕಳು ಒಂದೇ ದಿನದಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ಆದರೆ ಆಡಳಿತಕ್ಕೂ ಸೈನ್ಯಕ್ಕೂ ಮುಖ್ಯಸ್ಥರಾದ ಕಾನ್ಸಲ್‌ಗಳನ್ನು ಪೌರರೇ ಪ್ರತಿವರ್ಷ ಆರಿಸುತ್ತಿದ್ದ ನಗರದಲ್ಲಿ ಕೆಲವೇ ಮನೆತನಗಳು ತಲೆಮಾರುಗಟ್ಟಲೆ ಅಧಿಕಾರ ಹಿಡಿದು ಕೂತದ್ದು ಹೇಗೆ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಇದರ ಉತ್ತರ ಬಹುಮಟ್ಟಿಗೆ ಮತ ಎಣಿಸುವ ಕ್ರಮದಲ್ಲಿದೆ. ಅದನ್ನು ಬೋರ್ಡಿನ ಮೇಲೆ ವಿವರಿಸುವುದಕ್ಕಿಂತ ಮಕ್ಕಳಿಂದಲೇ ನಡೆಸಿ ತೋರಿಸುವುದು ಮೇಲು. ಧಾರವಾಡದ ಒಂದು ಕಾಲೇಜಿನ 60 ಮಕ್ಕಳ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ಪೀರಿಯಡ್‌ಗಳಿಗೆ ಹೊಂದುವಂತೆ ಈ ಕ್ರಮವನ್ನು ಬರೆದಿದ್ದೇನೆ. ಬೇಕಾಗುವುದು 60 ಚೀಟಿ, ಒಂದು ಕೆಂಪು ಬಟ್ಟೆ, ಮತ್ತು ಹತ್ತಿರದ ಪ್ರಾಥಮಿಕ ಶಾಲೆಯಿಂದ ಎರವಲು ತಂದ ಒಂದಿಷ್ಟು ಪಾಟಿ, ಬಳಪ.

ಮೊದಲ ದಿನ ಸೆಂಚುರಿಗಳ, ಅಂದರೆ ಮತದಾನದ ಗುಂಪುಗಳ, ಸಭೆಯನ್ನು ನಡೆಸಬೇಕು. ಕಾನ್ಸಲ್ ಮತ್ತು ನ್ಯಾಯ ನೋಡುವ ಪ್ರೇಟರ್‌ಗಳನ್ನು ಆರಿಸುವುದು, ಯುದ್ಧ ಘೋಷಿಸುವುದು ಈ ಸಭೆಯ ಕೆಲಸವಾಗಿತ್ತು. ಇದರಲ್ಲಿ ಪೌರರನ್ನು ಆಸ್ತಿಯ ಪ್ರಕಾರ 193 ಗುಂಪುಗಳಾಗಿ ವಿಂಗಡಿಸಿದ್ದರು: ಕುದುರೆ ಸವಾರರಿಗೆ 18, ಮೊದಲ ವರ್ಗಕ್ಕೆ 80, ಎರಡು, ಮೂರು, ನಾಲ್ಕನೆಯ ವರ್ಗಗಳಿಗೆ ತಲಾ 20, ಐದನೆಯದಕ್ಕೆ 30, ಬಡಗಿ, ಕಮ್ಮಾರ ಮತ್ತು ಕಹಳೆಯವರಿಗೆ 4. ಆಸ್ತಿಯೇ ಇಲ್ಲದವರು ಎಷ್ಟು ಸಾವಿರ ಜನ ಇದ್ದರೂ ಅವರಿಗೆಲ್ಲ ಸೇರಿ ಒಂದೇ ಗುಂಪು. ಗುಂಪಿನೊಳಗೆ ಬಹುಮತ ಯಾವ ಕಡೆಗೋ ಆ ಗುಂಪಿನ ಒಂದು ಮತ ಆ ಕಡೆಗೆ. ಇದು ಅರ್ಥವಾಗದ ಮಗುವಿಗೆ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ 82 ವಾರ್ಡುಗಳನ್ನು ತೋರಿಸಿರಿ: ಪ್ರತಿ ವಾರ್ಡಿಗೆ ಒಂದೇ ಮತ ಎಂದು ಇಟ್ಟುಕೊಂಡು, ಶ್ರೀಮಂತರ ವಾರ್ಡಿನಲ್ಲಿ ಇಪ್ಪತ್ತೇ ಜನ, ಬಡವರ ವಾರ್ಡಿನಲ್ಲಿ ಇಪ್ಪತ್ತು ಸಾವಿರ ಜನ ಇರುವಂತೆ ಗೆರೆ ಎಳೆದರೆ ಏನಾಗುತ್ತದೆ ಎಂದು ಕೇಳಿದರೆ ಸಾಕು.

ತರಗತಿಗೆ 193 ಗುಂಪುಗಳು ಆಗಲಾರವು. ಆದ್ದರಿಂದ 19 ಮಾಡಿಕೊಳ್ಳಿರಿ. ಸವಾರರ ಎರಡು ಗುಂಪು, ಮೊದಲ ವರ್ಗದ ಎಂಟು ಗುಂಪು, ಈ ಹತ್ತರಲ್ಲಿಯೂ ಒಬ್ಬೊಬ್ಬರೇ ವಿದ್ಯಾರ್ಥಿ. ಎರಡನೆಯ ವರ್ಗದ ಎರಡು ಗುಂಪುಗಳಲ್ಲಿ ತಲಾ 3 ಜನ, ಮೂರನೆಯದರಲ್ಲಿ ತಲಾ 4, ನಾಲ್ಕನೆಯದರಲ್ಲಿ ತಲಾ 5, ಐದನೆಯದರಲ್ಲಿ ತಲಾ 6. ಉಳಿದ 14 ಜನ ಒಂದೇ ಗುಂಪಾಗಿ ಹಿಂದಿನ ಬೆಂಚುಗಳಲ್ಲಿ ಕೂರಲಿ. ಕಮ್ಮಾರರನ್ನೂ ಕಹಳೆಯವರನ್ನೂ ಇಲ್ಲಿ ಬಿಟ್ಟಿದ್ದೇನೆ, ಐದನೆಯ ವರ್ಗವನ್ನು ತುಸು ಕುಗ್ಗಿಸಿದ್ದೇನೆ. ಅನುಪಾತ ಅದರಿಂದ ಹೆಚ್ಚು ಕೆಡುವುದಿಲ್ಲ. ಯಾರು ಯಾವ ವರ್ಗ ಎಂಬುದನ್ನು ನೀವು ಹೇಳಬೇಡಿರಿ, ಚೀಟಿ ಹೇಳಲಿ. ಚೀಟಿಯ ಮೇಲೆ ವರ್ಗದ ಹೆಸರಿನ ಬದಲು ಲಿವಿ ಎಂಬ ಇತಿಹಾಸಕಾರ ಕೊಡುವ ಆಸ್ತಿಯ ಮೊತ್ತವನ್ನು ಬರೆಯಿರಿ: ಮೊದಲ ವರ್ಗಕ್ಕೆ 1,00,000 ಆಸ್ (ರೋಮಿನ ಕಂಚಿನ ನಾಣ್ಯ), ಮುಂದೆ ಕ್ರಮವಾಗಿ 75,000, 50,000, 25,000, ಕೊನೆಗೆ 11,000. ಇಬ್ಬರು ಮಕ್ಕಳು ಗಣತಿಯ ಅಧಿಕಾರಿಗಳಾದ ಸೆನ್ಸರ್‌ಗಳಾಗಿ ಮೇಜಿನ ಹಿಂದೆ ಕೂತು ಒಬ್ಬೊಬ್ಬರನ್ನೇ ಕರೆದು, ಆಸ್ತಿ ಕೇಳಿ, ಹೆಸರು ಬರೆದುಕೊಳ್ಳಬೇಕು. ಐದು ವರ್ಷಕ್ಕೊಮ್ಮೆ ರೋಮಿನಲ್ಲಿ ನಡೆಯುತ್ತಿದ್ದ ಗಣತಿಯೂ ಸುಮಾರಾಗಿ ಇದೇ ಆಗಿತ್ತು.

ಮತ ಕೇಳುವ ಮೊದಲು ಯಾರಿಗೆ ಮತವೇ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಸ್ತ್ರೀಯರು ಪೌರರೆನಿಸಿದ್ದರೂ ಮತ ಹಾಕುವಂತಿರಲಿಲ್ಲ, ಹುದ್ದೆ ಹಿಡಿಯುವಂತಿರಲಿಲ್ಲ; ಗುಲಾಮರು ಪೌರರೇ ಅಲ್ಲ; ಇಟಲಿಯ ಮಿತ್ರ ನಗರಗಳ ಬಹುಪಾಲು ಜನರಿಗೆ ಕ್ರಿ.ಪೂ. 91ರಲ್ಲಿ ದಂಗೆ ಎದ್ದ ಮೇಲಷ್ಟೇ ಪೌರತ್ವ ಸಿಕ್ಕಿತು. ನಿಯಮ ನಿಯಮವೇ ಎಂದು ಹುಡುಗಿಯರನ್ನು ಹೊರಗೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಆಟದಲ್ಲಿ ಎಲ್ಲರಿಗೂ ಚೀಟಿ ಕೊಡಿರಿ. ಎಣಿಕೆ ಮುಗಿದ ಮೇಲೆ ಹುಡುಗಿಯರ ಮತಗಳನ್ನು ಕಳೆದು ಇನ್ನೊಮ್ಮೆ ಲೆಕ್ಕ ಹಾಕಿಸಿರಿ. ಗುಲಾಮರ ಪಾತ್ರವನ್ನಂತೂ ಯಾರಿಂದಲೂ ಮಾಡಿಸಬೇಡಿರಿ, ಅದು ಕೂಡಲೇ ನಗೆಪಾಟಲಾಗುತ್ತದೆ.

ಮತಕ್ಕೆ ಇಡುವ ಪ್ರಶ್ನೆ ಕ್ರಿ.ಪೂ. 200ರದ್ದಾಗಿರಲಿ: ಮ್ಯಾಸಿಡೋನಿಯಾದ ಐದನೆಯ ಫಿಲಿಪ್ಪನ ಮೇಲೆ ಯುದ್ಧ ಹೂಡಬೇಕೆ? ಕಾರ್ತೇಜಿನ ಸೇನಾನಿ ಹ್ಯಾನಿಬಾಲನ ಜೊತೆಗಿನ ಹದಿನೇಳು ವರ್ಷಗಳ ಯುದ್ಧ ಹಿಂದಿನ ವರ್ಷವಷ್ಟೇ ಮುಗಿದಿತ್ತು, ಜನ ದಣಿದಿದ್ದರು, ಮೊದಲ ಸಲ ಕೇಳಿದಾಗ ಹೆಚ್ಚುಕಡಿಮೆ ಎಲ್ಲ ಗುಂಪುಗಳೂ ಬೇಡವೆಂದವು. ಕಾನ್ಸಲ್ ಸುಲ್ಪಿಸಿಯಸ್ ಗಾಲ್ಬಾ ಮತ್ತೆ ಸಭೆ ಕರೆದು ಒಪ್ಪಿಸಿದ. ಕಾನ್ಸಲ್ ಆದ ವಿದ್ಯಾರ್ಥಿ ಎದ್ದು ಪ್ರಶ್ನೆ ಓದಲಿ. ಮತ ಹಾಕುವ ಸಭೆಯಲ್ಲಿ ಚರ್ಚೆ ಇಲ್ಲ, ತಿದ್ದುಪಡಿ ಇಲ್ಲ. ಹೌದು ಅಥವಾ ಬೇಡ, ಅಷ್ಟೇ. ಆ ಕಾಲಕ್ಕೆ ಮತ ಬಾಯಿಮಾತಿನದು, ಆದ್ದರಿಂದ ಒಬ್ಬೊಬ್ಬರೇ ಬಂದು ಗಟ್ಟಿಯಾಗಿ ಹೇಳಬೇಕು. ಸಭೆ ನಡೆಯುವಾಗ ಟೈಬರ್ ನದಿಯಾಚೆಯ ಜನಿಕ್ಯುಲಮ್ ಗುಡ್ಡದ ಮೇಲೆ ಕೆಂಪು ಧ್ವಜ ಹಾರುತ್ತಿತ್ತು, ಅದನ್ನು ಇಳಿಸಿದರೆ ಸಭೆ ಬರಖಾಸ್ತು. ಕಿಟಕಿಗೆ ಕಟ್ಟಿದ ಕೆಂಪು ಬಟ್ಟೆ ಅದಕ್ಕಾಗಿ.

ಸವಾರರು ಮತ್ತು ಮೊದಲ ವರ್ಗವನ್ನು ಮೊದಲು ಕರೆಯಿರಿ, ಪ್ರತಿಯೊಂದು ಗುಂಪಿನ ಫಲಿತಾಂಶವನ್ನು ಬೋರ್ಡಿನ ಮೇಲೆ ಬರೆಯಿರಿ. ಹತ್ತೂ ಜನ ಒಂದೇ ಮಾತು ಹೇಳಿದರೆ 19ರಲ್ಲಿ 10 ಆಯಿತು, ಬಹುಮತ ಬಂತು, ಎಣಿಕೆ ನಿಂತಿತು. ರೋಮಿನಲ್ಲಿ 193ರಲ್ಲಿ 98 ಹೀಗೆಯೇ ಆಗುತ್ತಿತ್ತು. ಹಿಂದಿನ ಬೆಂಚಿನ 14 ಜನರನ್ನು ಕರೆಯುವುದೇ ಇಲ್ಲ. ಅವರು ತಕರಾರು ತೆಗೆಯುತ್ತಾರೆ. ತೆಗೆಯಲಿ, ಐದು ನಿಮಿಷ ಬಿಡಿರಿ, ಪಾಠದ ತಿರುಳು ಆ ತಕರಾರಿನಲ್ಲಿಯೇ ಇದೆ. ಆಮೇಲೆ ಒಂದು ತಿದ್ದುಪಡಿಯನ್ನು ತಪ್ಪದೆ ಹೇಳಿರಿ: ಕ್ರಿ.ಪೂ. ಮೂರನೆಯ ಶತಮಾನದ ಒಂದು ಸುಧಾರಣೆಯಲ್ಲಿ ಮೊದಲ ವರ್ಗದ ಗುಂಪುಗಳು 70ಕ್ಕೆ ಇಳಿದಿದ್ದವು, ಆದ್ದರಿಂದ 200ರ ಹೊತ್ತಿಗೆ ಎರಡನೆಯ ವರ್ಗದ ಬೆಂಬಲವೂ ಬೇಕಾಗುತ್ತಿತ್ತು. ಮೊದಲ ವರ್ಗದ ಒಂದು ಗುಂಪನ್ನು ಎರಡನೆಯದಕ್ಕೆ ಸೇರಿಸಿ ಇನ್ನೊಮ್ಮೆ ಮತ ಕೇಳಿರಿ. ಈ ಸಲ ಯಾವ ಗುಂಪು ಮೊದಲು ಹೇಳಬೇಕೆಂದು ಮೊದಲ ವರ್ಗದಿಂದ ಚೀಟಿ ಎತ್ತಿರಿ, ರೋಮನ್ನರೂ ಎತ್ತುತ್ತಿದ್ದರು. ಆ ಮೊದಲ ಉತ್ತರವನ್ನು ದೈವಸಂಕೇತವೆಂದು ತಿಳಿದು ಉಳಿದವರು ಹಿಂಬಾಲಿಸುವುದು ಅಲ್ಲಿ ಸಾಮಾನ್ಯವಾಗಿತ್ತು.

ಸೆನೆಟ್ಟಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಸುಮಾರು 300 ಜನರ ಈ ಮಂಡಳಿ ಕಾನೂನು ಮಾಡುತ್ತಿರಲಿಲ್ಲ, ಸಲಹೆ ಕೊಡುತ್ತಿತ್ತು. ಖಜಾನೆ ಮತ್ತು ಪ್ರಾಂತ್ಯಗಳ ಹಂಚಿಕೆ ಅದರ ಕೈಯಲ್ಲಿದ್ದುದರಿಂದ ಸಲಹೆಯನ್ನು ಮೀರುವವರು ಕಡಿಮೆ ಎಂದರೆ ಸಾಕು.

ಎರಡನೆಯ ದಿನ ಪ್ಲೀಬಿಯನ್ನರ, ಅಂದರೆ ಹಳೆಯ ಕುಲೀನ ಮನೆತನಗಳಿಗೆ ಸೇರದ ಪೌರರ, ಸಭೆ. ಇಲ್ಲಿ ಆಸ್ತಿಯ ಬದಲು ಪ್ರದೇಶದ ಪ್ರಕಾರ 35 ವಿಭಾಗಗಳು, ಅಂದರೆ ಟ್ರೈಬ್‌ಗಳು: ನಗರದಲ್ಲಿ 4, ಹಳ್ಳಿಗಾಡಿನಲ್ಲಿ 31. ತರಗತಿಯನ್ನು ಏಳು ಮಾಡಿರಿ, ನಗರದ ಒಂದರಲ್ಲಿ 24 ಜನ, ಗ್ರಾಮೀಣ ಆರರಲ್ಲಿ ತಲಾ 6. ನವಲಗುಂದ, ಕಲಘಟಗಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಮಕ್ಕಳನ್ನು ಗ್ರಾಮೀಣ ಗುಂಪುಗಳಿಗೆ ಹಾಕಿರಿ. ಮತ ಹಾಕುವ ಜಾಗ ರೋಮ್ ಒಂದೇ ಆಗಿತ್ತು. ಹೊಲ ಬಿಟ್ಟು ದಿನಗಟ್ಟಲೆ ನಡೆದು ಬರಲಾಗದವನ ಮತ ಅಲ್ಲಿಗೇ ಮುಗಿಯಿತು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಗ್ರಾಮೀಣ ಗುಂಪಿನಿಂದ ನಾಲ್ಕು ಜನರನ್ನು ಗೈರುಹಾಜರು ಮಾಡಿ, ಉಳಿದ ಇಬ್ಬರನ್ನು ನಗರದಲ್ಲಿಯೇ ಮನೆ ಇರುವ ಜಮೀನುದಾರರನ್ನಾಗಿ ಮಾಡಿರಿ.

ಕ್ರಿ.ಪೂ. 133ರ ಭೂಮಸೂದೆಯನ್ನು ಆರಿಸಿಕೊಳ್ಳಿರಿ. ಸಾರ್ವಜನಿಕ ಜಮೀನನ್ನು ಒಬ್ಬನು 500 ಯೂಗೆರಾ, ಅಂದರೆ ಸುಮಾರು 300 ಎಕರೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು, ಮಿಕ್ಕದ್ದನ್ನು ಬಡವರಿಗೆ ಹಂಚಬೇಕು ಎಂದು ಪ್ಲೀಬಿಯನ್ನರು ಆರಿಸಿದ ಅಧಿಕಾರಿ, ಅಂದರೆ ಟ್ರಿಬ್ಯೂನ್, ಟೈಬೀರಿಯಸ್ ಗ್ರ್ಯಾಕಸ್ ಮಂಡಿಸಿದ. ಟ್ರಿಬ್ಯೂನ್‌ಗಳು ಹತ್ತು ಜನ, ಒಬ್ಬನು ತಡೆದರೂ ಮಸೂದೆ ನಿಂತಿತು. ಆಕ್ಟೇವಿಯಸ್ ಎಂಬವನು ತಡೆದ. ಆಗ ಅವನನ್ನೇ ಹುದ್ದೆಯಿಂದ ತೆಗೆಯಬೇಕೆಂದು ಗ್ರ್ಯಾಕಸ್ ಮತಕ್ಕೆ ಹಾಕಿದ. ಜೀವನಚರಿತ್ರೆಕಾರ ಪ್ಲೂಟಾರ್ಕ್ ಹೇಳುವಂತೆ 17 ವಿಭಾಗಗಳು ತೆಗೆಯಬೇಕೆಂದ ಮೇಲೆ, ಇನ್ನೊಂದು ಸೇರಿದರೆ ಬಹುಮತ ಎನ್ನುವಾಗ, ಗ್ರ್ಯಾಕಸ್ ಎಣಿಕೆ ನಿಲ್ಲಿಸಿ ಅವನನ್ನು ಅಪ್ಪಿಕೊಂಡು ಮನಸ್ಸು ಬದಲಿಸೆಂದು ಬೇಡಿಕೊಂಡ. ಆಕ್ಟೇವಿಯಸ್ಸನ ಕಣ್ಣು ತುಂಬಿತು, ಬಹಳ ಹೊತ್ತು ಸುಮ್ಮನಿದ್ದ, ಕೊನೆಗೆ ಗುಂಪಾಗಿ ನಿಂತಿದ್ದ ಸಿರಿವಂತರ ಕಡೆ ನೋಡಿ, ನಿನಗೆ ಬೇಕಾದ್ದು ಮಾಡು ಎಂದ. ಮಸೂದೆ ಪಾಸಾಯಿತು, ಅದೇ ವರ್ಷ ಗ್ರ್ಯಾಕಸ್ಸನನ್ನು ಸೆನೆಟರುಗಳ ಗುಂಪೊಂದು ಹೊಡೆದು ಕೊಂದಿತು. ತರಗತಿಯಲ್ಲಿ ಏಳರಲ್ಲಿ ಮೂರು ಗುಂಪು ಹೇಳಿದ ಮೇಲೆ ಎಣಿಕೆ ನಿಲ್ಲಿಸಿ, ಆಕ್ಟೇವಿಯಸ್ ಆದ ವಿದ್ಯಾರ್ಥಿಗೆ ಸ್ವಂತ ಕಾರಣ ಹೇಳಲು ಎರಡು ನಿಮಿಷ ಕೊಡಿರಿ.

ಕೊನೆಗೆ ಪಾಟಿಗಳ ಸರದಿ. ಭೂಮಸೂದೆಗೆ ಮೊದಲು ಬಾಯಿಮಾತಿನ ಮತ ಕೇಳುವಾಗ, ಜಮೀನುದಾರನಾದ ವಿದ್ಯಾರ್ಥಿ ತನ್ನ ಆಶ್ರಿತರ ಪಕ್ಕದಲ್ಲಿಯೇ ನಿಂತಿರಲಿ. ಬೆಳಗಾಗುತ್ತಲೇ ಧಣಿಯ ಅಂಗಳಕ್ಕೆ ಹೋಗಿ ನಮಸ್ಕರಿಸಿ, ಕಾಳುಕಡಿಯನ್ನೋ ಕೋರ್ಟಿನಲ್ಲಿ ಬೆಂಬಲವನ್ನೋ ಪಡೆಯುವ ಆಶ್ರಿತ ಪೌರನಿಗೆ ಅವನ ಎದುರು ಬೇರೆ ಮಾತಾಡುವುದು ಸುಲಭವಿರಲಿಲ್ಲ. ನಂತರ ಅದೇ ಪ್ರಶ್ನೆಗೆ ಪಾಟಿಯ ಮೇಲೆ ಗುಟ್ಟಾಗಿ ಬರೆಯಿಸಿರಿ. ಮೇಣ ಬಳಿದ ಹಲಗೆಯ ಮೇಲಿನ ಇಂಥ ಗುಪ್ತ ಮತದಾನ ಚುನಾವಣೆಗಳಿಗೆ ಕ್ರಿ.ಪೂ. 139ರಲ್ಲಿ, ಮಸೂದೆಗಳಿಗೆ 131ರಲ್ಲಿ ಬಂತು. ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ಬರೆದು, ಯಾವ ಗುಂಪು ಬದಲಾಯಿತು, ಏಕೆ ಎಂದು ಮಕ್ಕಳಿಂದಲೇ ಒಂದು ಪುಟ ಬರೆಯಿಸಿರಿ.

ಮಕ್ಕಳು 40ಕ್ಕಿಂತ ಕಡಿಮೆ ಇದ್ದರೆ ಮೊದಲ ದಿನದ ಗುಂಪುಗಳ ಸಂಖ್ಯೆಯನ್ನು ಕಡಿಮೆ ಮಾಡಬೇಡಿರಿ. ಕೆಳಗಿನ ವರ್ಗಗಳ ತಲೆಎಣಿಕೆಯನ್ನು ಇಳಿಸಿರಿ, ಆದರೆ ಕೊನೆಯ ಗುಂಪು ಎಲ್ಲಕ್ಕಿಂತ ದೊಡ್ಡದಾಗಿಯೇ ಇರಲಿ.