ಟೊಗಾಫ್ ಪ್ರಮಾಣಪತ್ರ: ಕೋರ್ಸಿಗೆ ಹಣ ಕಟ್ಟುವ ಮುನ್ನ, ಕಟ್ಟಿದ ಮೇಲೆ

ಹತ್ತು ಹನ್ನೆರಡು ವರ್ಷ ಕೋಡ್ ಬರೆದು, ತಂಡಗಳನ್ನು ನಡೆಸಿ, ಇನ್ನು ಮುಂದೇನು ಎಂದು ಯೋಚಿಸುವವರಿಗೆ ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಸಿಗುವ ಸಲಹೆಗಳಲ್ಲಿ ಒಂದು: ‘ಟೊಗಾಫ್ ಮಾಡಿಕೊಳ್ಳಿ’. ಟೊಗಾಫ್ ಎಂದರೆ ದೊಡ್ಡ ಸಂಸ್ಥೆಗಳ ಐಟಿ ವ್ಯವಸ್ಥೆಯನ್ನು ಯೋಜಿಸಲು ಬಳಸುವ ಒಂದು ಚೌಕಟ್ಟು; ಅದರ ಪರೀಕ್ಷೆ ಪಾಸಾದವರಿಗೆ ಪ್ರಮಾಣಪತ್ರ ಸಿಗುತ್ತದೆ. ಸಲಹೆ ಕೆಟ್ಟದ್ದಲ್ಲ. ಆದರೆ ಕೇಳಿದ ವಾರವೇ ವಾರಾಂತ್ಯದ ಕೋರ್ಸಿಗೆ ಹಣ ಕಟ್ಟಿ, ಪ್ರಶ್ನೆಗಳ ಕಟ್ಟೊಂದನ್ನು ಉರು ಹೊಡೆದು ಪ್ರಮಾಣಪತ್ರ ತಂದವರು ಸಂದರ್ಶನದ ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ಪರೀಕ್ಷೆಯೂ ಪಾಸಾಗಬೇಕು, ವಿದ್ಯೆಯೂ ಕೈಗೆ ಹತ್ತಬೇಕು ಎನ್ನುವವರಿಗಾಗಿ ಈ ಬರಹ.

ಮೊದಲು ವಿಷಯ ಏನೆಂದು ತಿಳಿಯೋಣ. ದೊಡ್ಡ ಸಂಸ್ಥೆಯೊಂದರ ಕೆಲಸದ ಹರಿವು, ಅದಕ್ಕೆ ಬೇಕಾದ ದತ್ತಾಂಶ, ಅದನ್ನು ನಡೆಸುವ ತಂತ್ರಾಂಶ, ಅದರಡಿಯ ಸರ್ವರು ಮತ್ತು ಜಾಲ. ಈ ನಾಲ್ಕನ್ನೂ ಒಟ್ಟಿಗೆ ನೋಡಿ, ಇಂದು ಹೇಗಿದೆ, ನಾಳೆ ಹೇಗಿರಬೇಕು, ಯಾವುದನ್ನು ಮೊದಲು ಬದಲಿಸಬೇಕು ಎಂದು ನಿರ್ಧರಿಸುವುದೇ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. ಐಬಿಎಂನಲ್ಲಿದ್ದ ಜಾನ್ ಝಾಕ್‌ಮನ್ 1987ರಲ್ಲಿ ಬರೆದ ಪ್ರಬಂಧದಿಂದ ಈ ಕ್ಷೇತ್ರಕ್ಕೆ ಒಂದು ರೂಪ ಬಂತು. ಅಮೆರಿಕದ ರಕ್ಷಣಾ ಇಲಾಖೆಯ ಚೌಕಟ್ಟೊಂದನ್ನು ಆಧರಿಸಿ 1995ರಲ್ಲಿ ಟೊಗಾಫ್‌ನ ಮೊದಲ ಆವೃತ್ತಿ ಹೊರಬಂತು. ಈಗ ಅದನ್ನು ನಿರ್ವಹಿಸುತ್ತಿರುವುದು ತಂತ್ರಜ್ಞಾನದ ಮಾನದಂಡಗಳನ್ನು ರೂಪಿಸುವ ‘ದಿ ಓಪನ್ ಗ್ರೂಪ್’ ಎಂಬ ಸಂಸ್ಥೆ. ಹತ್ತನೇ ಆವೃತ್ತಿ ಪ್ರಕಟವಾದದ್ದು 2022ರ ಏಪ್ರಿಲ್‌ನಲ್ಲಿ.

ಪರೀಕ್ಷೆ ಎರಡು, ಸ್ವಭಾವವೂ ಎರಡು

ಮೊದಲನೆಯದು ಫೌಂಡೇಶನ್. 60 ನಿಮಿಷ, 40 ಬಹು ಆಯ್ಕೆಯ ಪ್ರಶ್ನೆ, ಪಾಸಾಗಲು 24 ಸರಿಯುತ್ತರ ಬೇಕು. ಪುಸ್ತಕ ನೋಡುವಂತಿಲ್ಲ. ವ್ಯಾಖ್ಯೆಗಳು, ಟೊಗಾಫ್ ಹೇಳುವ ಕೆಲಸದ ಹಂತಗಳ ಕ್ರಮ, ಯಾವ ಹಂತದಲ್ಲಿ ಏನು ಸಿದ್ಧವಾಗುತ್ತದೆ ಎಂಬುದರ ಪರೀಕ್ಷೆ ಇದು. ಶಿಸ್ತಿನಿಂದ ಓದುವವರಿಗೆ ಇದಕ್ಕೆ ತರಬೇತಿಯೇ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಪ್ರಾಕ್ಟೀಷನರ್. 90 ನಿಮಿಷದಲ್ಲಿ ಎಂಟೇ ಪ್ರಶ್ನೆ. ಪ್ರತಿಯೊಂದೂ ಉದ್ದನೆಯ ಸನ್ನಿವೇಶ: ಒಂದು ಕಂಪನಿ, ಅದರ ತೊಡಕು, ನೀವು ಅಲ್ಲಿನ ಆರ್ಕಿಟೆಕ್ಟ್, ಈಗ ಏನು ಮಾಡುತ್ತೀರಿ? ಪುಸ್ತಕ ನೋಡಲು ಅವಕಾಶವಿದೆ, ಪರೀಕ್ಷೆಯ ಪರದೆಯಲ್ಲೇ ಅದು ತೆರೆಯುತ್ತದೆ. ಆದರೆ ಹುಡುಕುತ್ತ ಕುಳಿತರೆ ಹೊತ್ತು ಮುಗಿದುಹೋಗುತ್ತದೆ. ಅಂಕ ಕೊಡುವ ಬಗೆ ಇಲ್ಲಿ ಬೇರೆ. ನಾಲ್ಕು ಉತ್ತರಗಳಲ್ಲಿ ಅತ್ಯುತ್ತಮವಾದದ್ದಕ್ಕೆ 5, ಅದರ ನಂತರದ್ದಕ್ಕೆ 3, ಮೂರನೆಯದಕ್ಕೆ 1, ದಾರಿ ತಪ್ಪಿಸುವುದಕ್ಕೆ ಸೊನ್ನೆ. ಒಟ್ಟು 40ಕ್ಕೆ 24 ಬಂದರೆ ಪಾಸು. ಲೆಕ್ಕ ಹಾಕಿ: ಎಂಟೂ ಪ್ರಶ್ನೆಗೆ ಎರಡನೇ ಉತ್ತಮ ಉತ್ತರವನ್ನೇ ಆರಿಸಿದರೂ 24 ಆಗುತ್ತದೆ. ಹಾಗಾಗಿ ಮೊದಲು ಸೊನ್ನೆಯ ಉತ್ತರವನ್ನು ಗುರುತಿಸಿ ಬದಿಗಿಡಿ. ಸಂಬಂಧಪಟ್ಟವರನ್ನು ಮಾತನಾಡಿಸದೆ ನೇರವಾಗಿ ತಂತ್ರಾಂಶ ಕೊಳ್ಳಲು ಹೊರಡುವ ಉತ್ತರ, ಹಂತಗಳ ಕ್ರಮವನ್ನೇ ಮುರಿಯುವ ಉತ್ತರ ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಎರಡನ್ನೂ ಒಂದೇ ಕೂತಿನಲ್ಲಿ ಬರೆಯುವ ಜಂಟಿ ಪರೀಕ್ಷೆಯೂ ಇದೆ. ಕೆಲಸದ ನಡುವೆ ಓದುವವರಿಗೆ ನಾನು ಅದನ್ನು ಹೇಳುವುದಿಲ್ಲ. ಫೌಂಡೇಶನ್ ಮುಗಿಸಿ, ಉಸಿರು ತೆಗೆದುಕೊಂಡು, ಎರಡನೆಯದಕ್ಕೆ ಹೋಗಿ.

ತರಬೇತಿ ಸಂಸ್ಥೆಯಲ್ಲಿ ಕೇಳಬೇಕಾದದ್ದು

ಮಾರತಹಳ್ಳಿ, ಬಿಟಿಎಂ ಲೇಔಟ್ ಕಡೆ ತರಬೇತಿ ಕೇಂದ್ರಗಳ ಬೋರ್ಡುಗಳಿಗೆ ಬರವಿಲ್ಲ. ‘ಪಾಸು ಗ್ಯಾರಂಟಿ’ ಎಂದು ಎಲ್ಲಾದರೂ ಬರೆದಿದ್ದರೆ ಒಳಗೆ ಹೋಗಬೇಡಿ. ಅಂಥ ಭರವಸೆಯ ಹಿಂದೆ ಹೆಚ್ಚಾಗಿ ಕದ್ದ ಪ್ರಶ್ನೆಪತ್ರಿಕೆ ಇರುತ್ತದೆ. ಪ್ರಶ್ನೆಗಳನ್ನು ಹೊರಗೆ ಹಂಚುವುದಿಲ್ಲ ಎಂಬ ಷರತ್ತಿಗೆ ಒಪ್ಪಿಯೇ ಅಭ್ಯರ್ಥಿ ಪರೀಕ್ಷೆಗೆ ಕೂರುವುದು. ಸಂಸ್ಥೆಯ ಕೋರ್ಸಿಗೆ ಓಪನ್ ಗ್ರೂಪ್‌ನ ಮಾನ್ಯತೆ ಇದೆಯೇ ಎಂದು ಓಪನ್ ಗ್ರೂಪ್‌ನದ್ದೇ ಜಾಲತಾಣದ ಪಟ್ಟಿಯಲ್ಲಿ ನೀವೇ ನೋಡಿ, ಬಾಯಿಮಾತು ಸಾಲದು. ಪಾಠ ಹತ್ತನೇ ಆವೃತ್ತಿಯದ್ದೇ? ಶುಲ್ಕದಲ್ಲಿ ಪರೀಕ್ಷೆಯ ವೋಚರ್ ಸೇರಿದೆಯೇ, ಅದರ ಅವಧಿ ಎಂದಿಗೆ ಮುಗಿಯುತ್ತದೆ? ಹೇಳಿದ ಮೊತ್ತಕ್ಕೆ ಶೇ 18ರ ಜಿಎಸ್‌ಟಿ ಸೇರಿದೆಯೇ, ಆಮೇಲೆ ಸೇರುತ್ತದೆಯೇ?

ಎಲ್ಲಕ್ಕಿಂತ ಮುಖ್ಯವಾದದ್ದು ಕಲಿಸುವವರು ಯಾರು ಎಂಬುದು. ಅವರು ಯಾವುದಾದರೂ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಆರ್ಕಿಟೆಕ್ಟ್ ಆಗಿ ದುಡಿದಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಸ್ಲೈಡು ಓದಿ ಹೇಳುವವರಿಗೆ ಕೊಡುವ ಹಣಕ್ಕೆ ಎರಡು ಒಳ್ಳೆಯ ಪುಸ್ತಕ ಬರುತ್ತದೆ. ಸನ್ನಿವೇಶ ಕೊಟ್ಟು, ನಿಮ್ಮಿಂದ ಚಿತ್ರ ಬರೆಸಿ, ತಪ್ಪನ್ನು ಎತ್ತಿ ತೋರಿಸುವವರು ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಸೇರಿ.

ಕಚೇರಿಯೇ ಶುಲ್ಕ ಭರಿಸುವುದಾದರೆ ಅನುಮತಿಯನ್ನು ಇಮೇಲ್‌ನಲ್ಲಿ ಪಡೆಯಿರಿ. ಮರುಪಾವತಿ ಕೋರ್ಸಿಗೋ, ಪಾಸಾದ ಮೇಲಷ್ಟೇ ಕೊಡುತ್ತಾರೋ, ಇಷ್ಟು ತಿಂಗಳು ಕೆಲಸ ಬಿಡಬಾರದೆಂಬ ಷರತ್ತಿದೆಯೋ ಎಂದು ತಿಳಿದುಕೊಂಡೇ ಹಣ ಕಟ್ಟಿ.

ಓದು: ನಮ್ಮ ಪಹಣಿಯನ್ನೇ ಇಟ್ಟುಕೊಂಡು

ಟೊಗಾಫ್‌ನ ಜೀವಾಳ ಎಡಿಎಂ ಎಂಬ ಕಾರ್ಯವಿಧಾನ. ಪೂರ್ವಸಿದ್ಧತೆಯ ಹಂತ, ಅನಂತರ ‘ಎ’ಯಿಂದ ‘ಎಚ್’ವರೆಗೆ ಎಂಟು ಹಂತ, ನಡುವೆ ಎಲ್ಲ ಹಂತಗಳಿಗೂ ತಾಗಿಕೊಂಡಿರುವ ಅಗತ್ಯಗಳ ನಿರ್ವಹಣೆ. ಚಿತ್ರವನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದರೆ ಫೌಂಡೇಶನ್ ದಾಟಬಹುದು. ಪ್ರಾಕ್ಟೀಷನರ್ ದಾಟಲು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವ್ಯವಸ್ಥೆಯನ್ನು ಆ ಹಂತಗಳಲ್ಲಿ ಹಾಯಿಸಿ ನೋಡಬೇಕು. ತರಬೇತಿಯ ಪುಸ್ತಕಗಳಲ್ಲಿ ಬರುವ ಯಾವುದೋ ದೇಶದ ವಿಮಾನ ಕಂಪನಿಗಿಂತ ನಮ್ಮ ಜಮೀನಿನ ದಾಖಲೆ ಇದಕ್ಕೆ ಸಾವಿರ ಪಾಲು ಮೇಲು.

ಸರ್ವೆ ನಂಬರೊಂದರ ಒಂದು ಭಾಗವನ್ನು ರೈತರೊಬ್ಬರು ಮಾರುತ್ತಾರೆ ಎನ್ನಿ. ಮಾರುವ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಗೆ ಅರ್ಜಿ ಹೋಗುವುದು ಸರ್ವೆ ಇಲಾಖೆಯ ‘ಮೋಜಿಣಿ’ ತಂತ್ರಾಂಶಕ್ಕೆ. ನೋಂದಣಿ ನಡೆಯುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ, ‘ಕಾವೇರಿ’ ತಂತ್ರಾಂಶದಲ್ಲಿ. ನೋಂದಣಿಗೆ ಕಟ್ಟುವ ಶುಲ್ಕ ಸೇರುವುದು ಸರ್ಕಾರದ ‘ಖಜಾನೆ’ ತಂತ್ರಾಂಶಕ್ಕೆ. ನೋಂದಣಿಯಾದ ಮಾಹಿತಿ ‘ಜೆ ಸ್ಲಿಪ್’ ಆಗಿ ಕಂದಾಯ ಇಲಾಖೆಯ ‘ಭೂಮಿ’ಗೆ ಹೋಗಿ, ಮ್ಯುಟೇಶನ್ (ಹಕ್ಕು ಬದಲಾವಣೆ) ಮುಗಿದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಇಲಾಖೆಗಳು ಹಲವು, ತಂತ್ರಾಂಶಗಳು ಹಲವು, ಜನರಿಗೆ ಮಾತ್ರ ಅದು ಒಂದೇ ಕೆಲಸ.

ಈಗ ‘ಎ’ ಹಂತ: ಇಲ್ಲಿ ಯಾರಿಗೆ ಯಾವ ಚಿಂತೆ? ಮಾರುವವರಿಗೆ ಹಣ, ಕೊಳ್ಳುವವರಿಗೆ ಪಹಣಿ, ಸಾಲ ಕೊಟ್ಟ ಬ್ಯಾಂಕಿಗೆ ಋಣಭಾರ, ಗ್ರಾಮ ಆಡಳಿತಾಧಿಕಾರಿಗೆ ತಕರಾರು. ಪ್ರತಿಯೊಬ್ಬರಿಗೂ ಒಂದೊಂದು ಸಾಲು ಬರೆಯಿರಿ. ‘ಬಿ’ಯಲ್ಲಿ ಕೆಲಸದ ಹರಿವಿನ ಚಿತ್ರ ಬರೆಯಿರಿ. ‘ಸಿ’ಯಲ್ಲಿ ದತ್ತಾಂಶ ಮತ್ತು ತಂತ್ರಾಂಶ, ನಿಜವಾದ ಪಾಠ ಇರುವುದು ಇಲ್ಲಿ. ಕ್ರಯಪತ್ರದಲ್ಲಿ ‘ಕೆಂಪಯ್ಯ’, ಪಹಣಿಯಲ್ಲಿ ‘ಕೆಂಪಣ್ಣ’ ಎಂದಿದ್ದರೆ ಯಾವುದನ್ನು ಮೂಲವೆಂದು ಹಿಡಿಯಬೇಕು? ಮಾಲೀಕರ ಹೆಸರನ್ನು ತಿದ್ದುವ ಅಧಿಕಾರ ಯಾವ ವ್ಯವಸ್ಥೆಯದ್ದು, ಉಳಿದವು ಅದನ್ನು ಓದಬೇಕೋ, ನಕಲು ಇಟ್ಟುಕೊಳ್ಳಬೇಕೋ? ದತ್ತಾಂಶದ ಒಡೆತನ ಎಂದು ಪುಸ್ತಕ ಒಣಗಿದ ಮಾತಿನಲ್ಲಿ ಹೇಳುವುದರ ತೂಕ ಈ ಒಂದು ಹೆಸರಿನಿಂದ ತಿಳಿಯುತ್ತದೆ. ‘ಡಿ’ಯಲ್ಲಿ ಸರ್ವರು, ನಾಡಕಚೇರಿಯ ಇಂಟರ್‌ನೆಟ್ ಸಂಪರ್ಕ. ಇಂದಿನ ಸ್ಥಿತಿಗೂ ಗುರಿಗೂ ನಡುವಿನ ಕೊರತೆಗಳನ್ನು ಪಟ್ಟಿ ಮಾಡಿದರೆ ‘ಇ’, ‘ಎಫ್’ ಹಂತಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎಂಬುದು ತಾನಾಗಿ ಕಾಣತೊಡಗುತ್ತದೆ. ‘ಜಿ’ ಎಂದರೆ ಗುತ್ತಿಗೆದಾರರು ಒಪ್ಪಿದಂತೆ ಕಟ್ಟುತ್ತಿದ್ದಾರೆಯೇ ಎಂದು ನೋಡುವುದು, ‘ಎಚ್’ ಎಂದರೆ ಕಾನೂನು ಬದಲಾದಾಗ ವಿನ್ಯಾಸವನ್ನು ಮತ್ತೆ ಕೈಗೆತ್ತಿಕೊಳ್ಳುವುದು.

ಚಿತ್ರಗಳಿಗೆ ‘ಆರ್ಕಿ’ ಎಂಬ ಉಚಿತ ತಂತ್ರಾಂಶ ಸಾಕು; ಆರ್ಕಿಮೇಟ್ ಚಿತ್ರಭಾಷೆಯೂ ಜೊತೆಗೇ ಅಭ್ಯಾಸವಾಗುತ್ತದೆ. ಸರ್ಕಾರಿ ವ್ಯವಸ್ಥೆಗಳಿಗಾಗಿಯೇ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2018ರಲ್ಲಿ ‘ಇಂಡ್‌ಇಎ’ ಚೌಕಟ್ಟನ್ನು ಹೊರತಂದಿದೆ. ಪಕ್ಕದಲ್ಲಿಟ್ಟುಕೊಂಡು ಓದಿ.

ಪರೀಕ್ಷೆ ಇಂಗ್ಲಿಷಿನಲ್ಲಿ ಎಂದು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಹಿಂಜರಿಯುವುದನ್ನು ಕಂಡಿದ್ದೇನೆ. ದಯವಿಟ್ಟು ಹಿಂಜರಿಯಬೇಡಿ. ಮೂರು ನಾಲ್ಕು ಮಂದಿ ಸೇರಿ ಶನಿವಾರ ಬೆಳಿಗ್ಗೆ ಒಂದು ಸನ್ನಿವೇಶವನ್ನು ಕನ್ನಡದಲ್ಲೇ ವಾದಿಸಿ, ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಿರಿ. ವಿಚಾರ ಗಟ್ಟಿಯಾದ ಮೇಲೆ ಇಂಗ್ಲಿಷಿನ ಸನ್ನಿವೇಶ ಓದುವುದು ಅಭ್ಯಾಸದ ಮಾತು.

ಪರೀಕ್ಷೆಯ ದಿನ

ನೋಂದಣಿ ಪರೀಕ್ಷೆ ನಡೆಸಿಕೊಡುವ ಪಿಯರ್ಸನ್ ವ್ಯೂ ಸಂಸ್ಥೆಯ ಮೂಲಕ. ಹೆಸರು ತುಂಬುವಾಗ ಎಚ್ಚರವಿರಲಿ. ನಮ್ಮಲ್ಲಿ ಊರು, ತಂದೆಯ ಹೆಸರು ಇನಿಷಿಯಲ್ ಆಗಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಉಪನಾಮದ ಜಾಗದಲ್ಲಿ ಕೂತಿರುತ್ತವೆ. ತೋರಿಸುವ ಗುರುತಿನ ಚೀಟಿಯಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ತುಂಬಿ, ಇಲ್ಲವಾದರೆ ಬಾಗಿಲಲ್ಲೇ ತಡೆಯುತ್ತಾರೆ.

ಮನೆಯಿಂದಲೂ ಬರೆಯಬಹುದು. ಕರೆಂಟು ಹೋದರೆ ಯುಪಿಎಸ್ ಇರಬೇಕು, ಕೋಣೆಗೆ ಯಾರೂ ಬರಬಾರದು, ಪ್ರಶ್ನೆಯನ್ನು ಬಾಯಿಬಿಟ್ಟು ಓದಿಕೊಂಡರೂ ಮೇಲ್ವಿಚಾರಕರು ಎಚ್ಚರಿಸುತ್ತಾರೆ. ಮಕ್ಕಳಿರುವ ಮನೆಯಾದರೆ ಪರೀಕ್ಷಾ ಕೇಂದ್ರವೇ ಮೇಲು. ಔಟರ್ ರಿಂಗ್ ರಸ್ತೆ ದಾಟಿ ಹೋಗಬೇಕಿದ್ದರೆ ಬೆಳಗಿನ ಮೊದಲ ಸಮಯವನ್ನೇ ಕಾಯ್ದಿರಿಸಿ.

ಪಾಸಾದ ಮೇಲೆ ರೆಸ್ಯೂಮೆಯಲ್ಲಿ ಪ್ರಮಾಣಪತ್ರದ ಹೆಸರಿನ ಕೆಳಗೆ ಆ ಪಹಣಿ ಅಭ್ಯಾಸದ ಚಿತ್ರಗಳಿಗೂ ಒಂದು ಸಾಲು ಕೊಡಿ. ಸಂದರ್ಶಕರು ಬೆರಳಿಡುವುದು ಅಲ್ಲಿಗೇ. ಇನ್ನೂ ಮುಂದೆ ಹೋಗುವವರಿಗೆ ಓಪನ್ ಗ್ರೂಪ್‌ನದ್ದೇ ‘ಓಪನ್ ಸಿಎ’ (ಸರ್ಟಿಫೈಡ್ ಆರ್ಕಿಟೆಕ್ಟ್) ಪ್ರಮಾಣಪತ್ರ ಇದೆ. ಅದಕ್ಕೆ ಬಹು ಆಯ್ಕೆಯ ಪ್ರಶ್ನೆಗಳಿಲ್ಲ. ನೀವು ಮಾಡಿದ ಯೋಜನೆಗಳನ್ನು ಬರೆದು ಕೊಟ್ಟು, ಅನುಭವಿ ಆರ್ಕಿಟೆಕ್ಟರ ಮಂಡಳಿಯ ಮುಂದೆ ಸಮರ್ಥಿಸಿಕೊಳ್ಳಬೇಕು. ಹಾಗಾಗಿ ಈಗ ನಡೆಯುತ್ತಿರುವ ಯೋಜನೆಯಲ್ಲಿ ಯಾವ ನಿರ್ಧಾರವನ್ನು ಯಾಕೆ ತೆಗೆದುಕೊಂಡಿರಿ, ಯಾರು ವಿರೋಧಿಸಿದರು, ಕೊನೆಗೆ ಏನಾಯಿತು ಎಂಬುದನ್ನು ದಿನಾಂಕದೊಂದಿಗೆ ಇಂದಿನಿಂದಲೇ ಬರೆದಿಡಲು ಶುರು ಮಾಡಿ. ಕಂಪನಿಯ ಗೋಪ್ಯ ವಿವರಗಳು ಮಾತ್ರ ಅದರಲ್ಲಿ ಬರದಿರಲಿ.