ಗಾಯಕ್ಕೆ ಹುಳ ಬಿದ್ದರೆ ಫಿನೈಲ್ ಸುರಿಯಬೇಡಿ

ಹಸುವಿನ ಗಾಯಕ್ಕೆ ಹುಳ ಬಿದ್ದಿದೆ ಅಂದ ಕೂಡಲೇ ನಮ್ಮ ಮಂಡ್ಯ ಕಡೆ ಹುಡುಕುವುದು ಫಿನೈಲ್ ಬಾಟಲಿ. ಅದು ಕೊಟ್ಟಿಗೆ ನೆಲಕ್ಕೆ, ಮಾಂಸಕ್ಕಲ್ಲ. ಹುಳ ಒಳಗೇ ಸತ್ತು ಕೊಳೆಯುತ್ತವೆ, ಸುತ್ತಲಿನ ಚರ್ಮವೂ ಸುಡುತ್ತದೆ. ಸೀಮೆಎಣ್ಣೆಯದ್ದೂ ಅದೇ ಕಥೆ.

ಮೊದಲು ಹಸುವನ್ನು ಗಟ್ಟಿಯಾಗಿ ಕಟ್ಟಿ, ಗಾಯದ ಸುತ್ತ ಕೂದಲು ಕತ್ತರಿಸಿ, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆಯಿರಿ.

ಎಲ್ಲರೂ ಎಡವುವುದು ಹುಳ ತೆಗೆಯುವಾಗ. ಹುಳದ ಬಾಯಿ ಮಾಂಸದೊಳಗೆ, ಉಸಿರಾಡುವುದು ಹಿಂಬದಿಯಿಂದ. ಹಾಗಾಗಿ ಗಾಳಿ ತಪ್ಪಿಸಿದರೆ ತಾವೇ ಮೇಲೆ ಬರುತ್ತವೆ. ಹತ್ತಿಗೆ ಟರ್ಪೆಂಟೈನ್ ಎಣ್ಣೆ ಸ್ವಲ್ಪ ಹಚ್ಚಿ ಗಾಯದ ಬಾಯಿಗೆ ಇಟ್ಟು ಹತ್ತು ನಿಮಿಷ ಬಿಡಿ. ಮೆಡಿಕಲ್ ಸ್ಟೋರಿನದೇ ತನ್ನಿ, ಪೇಂಟ್ ಅಂಗಡಿಯ ಥಿನ್ನರ್ ಬೇಡವೇ ಬೇಡ. ಆಮೇಲೆ ಚಿಮಟದಲ್ಲಿ ಒಂದೊಂದಾಗಿ ಎಳೆಯಿರಿ, ಹಿಂಡಬೇಡಿ. ಕಣ್ಣಿನ ಹತ್ತಿರದ ಗಾಯವಾದರೆ ಕೈ ಹಾಕಲೇಬೇಡಿ, ಡಾಕ್ಟರೇ ಬರಲಿ. ಕಳೆದ ಮಳೆಗಾಲ ಪಕ್ಕದ ಮನೆ ಕರುವಿನ ಹೊಕ್ಕುಳಲ್ಲಿ ಅರವತ್ತರ ಮೇಲೆ ತೆಗೆದು, ಮುಗೀತು ಅಂದುಕೊಂಡೆವು. ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಅಕ್ಕಿ ಕಾಳಿನಂಥ ಬಿಳಿ ತುದಿಗಳು ಇನ್ನೂ ಅಲುಗಾಡುತ್ತಿದ್ದವು! ಅದಕ್ಕೇ ಟಾರ್ಚ್ ಇಟ್ಟುಕೊಂಡು ಎರಡನೇ ಸುತ್ತು ಮಾಡಲೇಬೇಕು, ಮಾರನೇ ದಿನ ಮೂರನೆಯದು. ನೊಣದ ಮೊಟ್ಟೆ ಒಡೆಯಲು ಒಂದು ದಿನ ಸಾಕು.

ತೆಗೆದ ಹುಳ ತಿಪ್ಪೆಗೆ ಎಸೆಯಬೇಡಿ, ಮಣ್ಣಿಗೆ ಬಿದ್ದವು ಅಲ್ಲೇ ಕೋಶ ಕಟ್ಟಿ ನೊಣವಾಗಿ ಮತ್ತೆ ಕೊಟ್ಟಿಗೆಗೇ ಬರುತ್ತವೆ. ಕುದಿಯುವ ನೀರಿಗೆ ಹಾಕಿ. ನಾಲ್ಕೈದನ್ನು ಮಾತ್ರ ಸ್ಪಿರಿಟ್ ತುಂಬಿದ ಚಿಕ್ಕ ಬಾಟಲಿಯಲ್ಲಿ ಇಟ್ಟು ಡಾಕ್ಟರಿಗೆ ಕೊಡಿ. ಕೆಲವು ನೊಣದ ಮರಿ ಕೊಳೆತ ಮಾಂಸ ತಿನ್ನುತ್ತದೆ, ಸ್ಕ್ರೂವರ್ಮ್ ಎಂಬ ನೊಣದ ಮರಿ ಮಾತ್ರ ಜೀವಂತ ಮಾಂಸವನ್ನೇ ತಿನ್ನುತ್ತದೆ. ಅದರ ಒಂದು ಜಾತಿ ನಮ್ಮ ದೇಶದಲ್ಲೂ ಇದೆ. ಯಾವ ಊರಲ್ಲಿ ಯಾವುದು ಅಂತ ಸರ್ಕಾರಕ್ಕೆ ಗೊತ್ತಾಗುವುದು ಇಂಥ ಬಾಟಲಿಗಳಿಂದಲೇ. 1988ರಲ್ಲಿ ಅಮೆರಿಕ ಖಂಡದ ಇನ್ನೊಂದು ಜಾತಿ ಲಿಬಿಯಾಕ್ಕೆ ಬಂದಾಗ, ಮೆಕ್ಸಿಕೋದಿಂದ ಸಂತಾನಶಕ್ತಿ ಕಳೆದ ನೊಣಗಳನ್ನು ವಿಮಾನದಲ್ಲಿ ತರಿಸಿ ಬಿಟ್ಟರು. ಹೆಣ್ಣು ನೊಣ ಸಾಮಾನ್ಯವಾಗಿ ಒಮ್ಮೆ ಮಾತ್ರ ಕೂಡುವುದರಿಂದ, ಈ ಗಂಡುಗಳ ಜೊತೆ ಕೂಡಿದವುಗಳ ಮೊಟ್ಟೆ ಪೊಳ್ಳಾಗಿ ಪೀಡೆ ಅಳಿಯಿತು. ಆದರೆ ಮೊದಲು ಯಾವ ನೊಣ ಅಂತ ಗೊತ್ತಾಗಬೇಕಲ್ವಾ?

ಗಾಯ ಬೆರಳಿಗಿಂತ ಆಳವಿದ್ದರೆ ಸುಮ್ನೆ ಕಾಯಬೇಡಿ, 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತದೆ. ಐವರ್‌ಮೆಕ್ಟಿನ್ ಎಂಬ ಹುಳದ ಔಷಧಿ ಚುಚ್ಚಿದರೆ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಅಂತ ಅವರನ್ನೇ ಕೇಳಿ. ಕರು ಹುಟ್ಟಿದ ದಿನವೇ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಮಳೆಗಾಲದಲ್ಲಿ ಕೊಂಬು ಸುಡಿಸುವ ಕೆಲಸ ಇಟ್ಟುಕೊಳ್ಳಬೇಡಿ.