ಸೈಕಲ್ ಲೇನಾ, ರೋಡಾ? ಚಿಕ್ಕಮಗಳೂರಲ್ಲಿ ತುಳಿಯೋರಿಗೆ

ಅಕ್ಕನ ಮಗಳು ಈ ವರ್ಷ ಕಾಲೇಜಿಗೆ ಸೈಕಲ್ಲಲ್ಲೇ ಹೋಗೋದು ಅಂತ ಹಠ ಹಿಡಿದು ಕೂತ್ಲು. ಅಕ್ಕ ಫೋನ್ ಮಾಡಿ, "ನೀನೇ ಸ್ವಲ್ಪ ಹೇಳ್ಕೊಡು ಮಾರಾಯ, ಹೆಚ್ಚೇನ್ ಬೇಡ, ರೋಡಿನ ಅಂಚು ಬಿಟ್ಟು ಈಚೆ ಬರ್ಬೇಡ ಅಂತ ಹೇಳು ಸಾಕು" ಅಂದ್ಲು. ಬಾಕಿ ಎಲ್ಲಾ ಹೇಳ್ಕೊಟ್ಟೆ, ಅದೊಂದ್ ಬಿಟ್ಟು. ಹನ್ನೊಂದು ವರ್ಷದಿಂದ ಈ ಊರಲ್ಲಿ ತುಳೀತಾ ಇದೀನಿ, ಬಿದ್ದಿದ್ದೆಲ್ಲಾ ಅಂಚಲ್ಲೇ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ಲೇನ್ ವಿಷ್ಯ. ನಾನು ದಿನಾ ಓಡಾಡೋ ದಾರೀಲಿ ಸೈಕಲ್ ಲೇನ್ ಅನ್ನೋದೇ ಇಲ್ಲ. ಜನ ಲೇನ್ ಅಂದ್ಕೊಳ್ಳೋದು ಕೊನೇಲಿರೋ ಬಿಳಿ ಪಟ್ಟಿನ. ಅದು ರೋಡು ಇಲ್ಲಿಗೆ ಮುಗೀತು ಅಂತ ಗಾಡಿಯೋರಿಗೆ ತೋರಿಸೋ ಗುರುತು ಅಷ್ಟೇ, ಅದರಾಚೆ ಜಲ್ಲಿ, ಬಾಟ್ಲಿ ಚೂರು, ಮುರಿದ ಚರಂಡಿ ಸ್ಲ್ಯಾಬು ಎಲ್ಲಾ ಇರತ್ತೆ. ಬೆಂಗಳೂರಲ್ಲಿ 2020ರಲ್ಲಿ ಔಟರ್ ರಿಂಗ್ ರೋಡ್ ಮೇಲೆ ಸಣ್ಣ ಸಣ್ಣ ಕಂಬ ನೆಟ್ಟು ನಿಜವಾದ ಲೇನೇ ಮಾಡಿದ್ರು, ನಾನೂ ಆಸೆಯಿಂದ ಹೋಗಿ ತುಳಿದು ಬಂದೆ, ಒಳಗೆ ನನಗಿಂತ ಹೆಚ್ಚು ಸ್ಕೂಟರ್‌ಗಳೇ ಇದ್ವು. ಸೈಕಲ್ ಟ್ರ್ಯಾಕಲ್ಲಿ ಮೋಟಾರ್ ಗಾಡಿ ನುಗ್ಗೋ ಹಾಗಿಲ್ಲ ಅಂತ 1989ರ ರಸ್ತೆ ನಿಯಮದಲ್ಲೇ ಬರೆದಿತ್ತು, ಆದ್ರೆ ಅದನ್ನ ಸ್ಕೂಟರಿನೋನಿಗೆ ಯಾರು ಓದಿ ಹೇಳ್ತಾರೆ.

ಹಾಗಂತ ಲೇನ್ ಕೆಟ್ಟದ್ದು ಅಂತಲ್ಲ. ಎಲ್ಲಾದ್ರೂ ಸಿಕ್ಕಿದ್ರೆ ಒಳಗೆ ಹೋಗೋ ಮುಂಚೆ ಅದು ಮುಂದೆ ಎಲ್ಲಿ ಮುಗಿಯತ್ತೆ ಅಂತ ನೋಡ್ಕೊಳ್ಳಿ, ಯಾಕಂದ್ರೆ ಲೇನ್ ಇರೋ ಕಡೆ ಯಾರೂ ಗುದ್ದಲ್ಲ, ಅದು ಮುಗಿದು ನೀವು ಮತ್ತೆ ರೋಡಿಗೆ ಬರ್ತೀರಲ್ಲ ಅಲ್ಲಿ ಗುದ್ದೋದು. ಅಡ್ಡ ರಸ್ತೆ, ಪೆಟ್ರೋಲ್ ಬಂಕು, ಛತ್ರದ ಗೇಟು ಸಾಲಾಗಿದ್ರೆ ಆ ಲೇನ್ ಬಿಟ್ಟು ರೋಡಲ್ಲೇ ಹೋಗೋದು ವಾಸಿ. ಕ್ಲೀನಾಗಿದೆ, ಉದ್ದಕ್ಕಿದೆ, ಅಡ್ಡ ಬರೋರು ಕಮ್ಮಿ ಅಂದ್ರೆ ಕಣ್ಮುಚ್ಚಿ ಲೇನ್ ತಗೊಳ್ಳಿ.

ಈಗ ಪೇಟೆ ಒಳಗೆ. ಬ್ರಿಟನ್ನಿನವರು 2022ರಲ್ಲಿ ತಮ್ಮ ರಸ್ತೆ ನಿಯಮದ ಪುಸ್ತಕ ಹೈವೇ ಕೋಡ್ ತಿದ್ದಿದಾಗ ಸೈಕಲ್ಲಿನೋರಿಗೆ ಎರಡು ಅಳತೆ ಕೊಟ್ರು, ರಶ್ ಇರೋ ರೋಡಲ್ಲೂ ಅಂಚಿಂದ ಕನಿಷ್ಠ ಅರ್ಧ ಮೀಟರ್ ಈಚೆ, ನಿಂತಿರೋ ಗಾಡಿಯಿಂದ ಸುಮಾರು ಒಂದು ಮೀಟರ್ ದೂರ. ನಮ್ಮ ಲೆಕ್ಕದಲ್ಲಿ ಒಂದು ಮೊಳ, ಒಂದು ಗಜ. ಮೊಳ ಯಾಕೆ ಅಂದ್ರೆ ಗುಂಡಿ ಬಂದಾಗ ಎಡಕ್ಕೆ ಜಾರ್ಕೊಳ್ಳೋಕೆ ಜಾಗ ಬೇಕಲ್ಲ. ಗಜ ಯಾಕೆ ಅನ್ನೋದನ್ನ ನಾನು ಬಸವನಹಳ್ಳಿ ಮೇನ್ ರೋಡಲ್ಲಿ ಕಲಿತೆ. ಸಾಲಾಗಿ ಕಾರ್ ನಿಂತಿದ್ವು, ನಾನು ಅವಕ್ಕೆ ಒರೆಸ್ಕೊಂಡೇ ಹೋಗ್ತಿದ್ದೆ, ಒಬ್ರು ಹಿಂದೆ ಮುಂದೆ ನೋಡ್ದೆ ಡೋರ್ ತೆಗೆದ್ರು, ಹ್ಯಾಂಡಲ್ ತುದಿ ಡೋರಿಗೆ ಸಿಕ್ಕಿ ಸೈಕಲ್ ಅಲ್ಲೇ ನಿಂತ್ಕೊಳ್ತು, ನಾನು ಮಾತ್ರ ಮುಂದೆ ಹೋದೆ. ಕಾಲರ್ ಬೋನ್ ಮುರಿದು ಆರು ವಾರ ಕೈ ಜೋಳಿಗೇಲಿ. ಅವರು ಸಾರಿ ಅಂದ್ರು ಪಾಪ, ಕಾಫೀನೂ ಕುಡಿಸಿದ್ರು, ಒಂದೇ ಕೈಯಲ್ಲಿ ಕುಡಿದೆ. ಅವತ್ತಿಂದ ನಿಂತಿರೋ ಕಾರಿನ ಮಿರರ್ ನೋಡ್ತೀನಿ, ಒಳಗೆ ತಲೆ ಕಂಡ್ರೆ, ಇಲ್ಲಾ ಬ್ರೇಕ್ ಲೈಟ್ ಈಗಷ್ಟೇ ಆರಿದ್ರೆ ಆ ಡೋರ್ ತೆಗೆಯತ್ತೆ ಅಂತಲೇ ಲೆಕ್ಕ.

ರೋಡು ಕಿರಿದಾಗಿದ್ದು, ಹಿಂದಿನ ಕಾರು ನಿಮ್ಮನ್ನ ಒತ್ತರಿಸದೆ ದಾಟೋಕೆ ಸಾಧ್ಯನೇ ಇಲ್ಲ ಅನ್ನೋ ಕಡೆ ಅಂಚಿಗೆ ಹೋಗ್ಬೇಡಿ, ರೋಡಲ್ಲಿ ನಿಮ್ಮ ಕಡೆ ಅರ್ಧದ ಮಧ್ಯಕ್ಕೇ ಬನ್ನಿ. ಅಂಚಲ್ಲಿದ್ರೆ "ಹೋಗ್ಬಹುದೇನೋ" ಅಂತ ಟ್ರೈ ಮಾಡ್ತಾರೆ, ಮಧ್ಯ ಇದ್ರೆ ಕಾಯ್ತಾರೆ. ಬೈತಾರೆ, ಅದೂ ನಿಜ. ಒಬ್ಬ ಆಟೋದವ್ರು ಪಕ್ಕಕ್ಕೆ ಬಂದು "ಎಂಥ ಮಾರಾಯ್ರೇ, ರೋಡು ನಿಮ್ದೇನಾ?" ಅಂದ್ರು. "ಮುಂದೆ ಗುಂಡಿ ಉಂಟು, ಅದು ದಾಟಿದ ಮೇಲೆ ಬಿಡ್ತೀನಿ" ಅಂದೆ. ಬಿಟ್ಟೆ ಕೂಡ. ಜಾಗ ಸಿಕ್ಕ ಕೂಡ್ಲೆ ಎಡಕ್ಕೆ ಸರಿದು ಕೈ ಮಾಡಿ ಬಿಟ್ರೆ ಮುಕ್ಕಾಲು ಜಗಳ ಇರಲ್ಲ.

ಆದ್ರೆ ಮಧ್ಯಕ್ಕೆ ಬರೋಕೆ ಮುಂಚೆ ಹಿಂದೆ ನೋಡೋಕೆ ಬರ್ಬೇಕು, ಹೊಸಬರು ಎಡವೋದೇ ಇಲ್ಲಿ. ಬಲಕ್ಕೆ ತಿರುಗಿ ನೋಡಿದ್ರೆ ಕೈ ಬಲಕ್ಕೆ ಎಳೆಯತ್ತೆ, ಸೈಕಲ್ಲೂ ಹೋಗತ್ತೆ. ಇದಕ್ಕೆ ಖಾಲಿ ಗ್ರೌಂಡಲ್ಲಿ ಒಂದು ಗಂಟೆ ಸಾಕು. ಗೆರೆ ಎಳೆದು ಅದರ ಮೇಲೆ ನಿಧಾನ ತುಳೀರಿ, ಹೆಗಲು ತಿರುಗಿಸ್ಬೇಡಿ, ಗದ್ದ ಮಾತ್ರ ಬಲ ಹೆಗಲಿಗೆ ತಾಗಿಸಿ, ಬಲಗೈ ಮೊಣಕೈ ಸಡಿಲ ಬಿಡಿ. ಹಿಂದೆ ಒಬ್ರು ನಿಂತು ಬೆರಳು ಎತ್ತಲಿ, ಎಷ್ಟು ಅಂತ ನೀವು ಕೂಗಿ ಹೇಳ್ಬೇಕು. ನಮ್ಮ ಹುಡುಗಿ ಮೊದಲ ಹತ್ತು ಸಲ "ಮೂರು" ಅಂತ ಸುಮ್ನೆ ಬುರುಡೆ ಬಿಟ್ಟಳು, ನಾನು ಐದು ಎತ್ತಿದ್ದೆ. ಗೆರೆ ಬಿಡದೆ ಸರಿಯಾಗಿ ಹೇಳೋವರೆಗೂ ರೋಡಿಗೆ ಬಿಡ್ಲಿಲ್ಲ.

ಹನುಮಂತಪ್ಪ ಸರ್ಕಲ್ ತರದ ಕಡೆ ಒಂದೇ ನಿಯಮ, ಬಸ್ಸಿನ ಎಡಗಡೆ ಸಂದೀಲಿ ನುಗ್ಗಬಾರ್ದು. ಬಸ್ಸು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರೀಲಿ ಬರಲ್ಲ, ಮೂಲೆನ ಕಟ್ ಮಾಡ್ಕೊಂಡು ಒಳಗೆ ಬರತ್ತೆ, ಡ್ರೈವರಿಗೆ ಅಲ್ಲಿ ನೀವು ಕಾಣಲ್ಲ. ಹಿಂದೆ ನಿಂತ್ಕೊಳ್ಳಿ, ಹೊಗೆ ಕುಡಿದ್ರೂ ಪರ್ವಾಗಿಲ್ಲ. ಬಲಕ್ಕೆ ತಿರುಗೋ ಧೈರ್ಯ ಇಲ್ದಿದ್ರೆ ಇಳಿದು ತಳ್ಕೊಂಡು ದಾಟಿ, ನಾನು ಈಗ್ಲೂ ಸಂತೆ ದಿನ ಅದನ್ನೇ ಮಾಡೋದು.

ಕಡೂರು ಕಡೆಗೆ ಊರು ಬಿಟ್ಟು ಹೋದ್ರೆ ಲೆಕ್ಕ ಉಲ್ಟಾ. ಅಲ್ಲಿ ಗಾಡಿಗಳು ಸ್ಪೀಡು, ನೀವು ಮಧ್ಯ ನಿಂತು ಹಠ ಮಾಡೋ ಜಾಗ ಅಲ್ಲ, ಬಿಳಿ ಪಟ್ಟಿ ಆಚೆ ಗಟ್ಟಿ ಡಾಂಬರ್ ಇದ್ರೆ ಅಲ್ಲೇ ಹೋಗಿ. ಡಾಂಬರ್ ಮುಗಿದು ಮಣ್ಣಿಗೆ ಇಳಿದ್ರೆ ಮಾತ್ರ ಹುಷಾರು, ಮತ್ತೆ ಮೇಲೆ ಹತ್ತೋವಾಗ ಅಂಚಿಗೆ ಸಮಾನಾಂತರವಾಗಿ ಹತ್ತಿಸಿದ್ರೆ ಮುಂದಿನ ಚಕ್ರ ಆ ಎರಡಿಂಚು ಮೆಟ್ಟಿಲಿಗೆ ಉಜ್ಜಿ ಜಾರತ್ತೆ, ಬೀಳೋದೂ ರೋಡಿನ ಕಡೆಗೇ. ನಿಧಾನ ಮಾಡಿ, ಹಿಂದೆ ನೋಡಿ, ಚಕ್ರ ಚೆನ್ನಾಗಿ ತಿರುಗಿಸಿ ಅಡ್ಡಕ್ಕೆ ಹತ್ತಿಸಿ. ಅನುಮಾನ ಇದ್ರೆ ನಿಲ್ಲಿಸಿ ಎತ್ತಿಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ನೋಡೋ ಆಸೆ ಇದ್ರೆ ಸರ್ವಿಸ್ ರೋಡಲ್ಲೇ ನೋಡಿ, 2023ರ ಆಗಸ್ಟಿಂದ ಮೇನ್ ರೋಡಿಗೆ ಬೈಕೂ ಇಲ್ಲ, ಸೈಕಲ್ಲೂ ಇಲ್ಲ.

ಕೊನೇದು ಮುಳ್ಳಯ್ಯನಗಿರಿ. 1930 ಮೀಟರ್ ಎತ್ತರ, ರಾಜ್ಯಕ್ಕೇ ಎತ್ತರದ ಬೆಟ್ಟ, ಭಾನುವಾರ ಟೂರಿಸ್ಟ್ ಗಾಡಿ ಜಾತ್ರೆ, ಆದ್ರಿಂದ ವಾರದ ದಿನ ಬೆಳಿಗ್ಗೆ ಬೇಗ ಕೈಮರ ಚೆಕ್‌ಪೋಸ್ಟ್ ದಾಟಿ. ಹತ್ತೋವಾಗ ಎಡಕ್ಕೇ ಇರಿ, ಸುಸ್ತಾದಾಗ ಸೈಕಲ್ ಹಾವಿನ ತರ ಹರಿಯತ್ತೆ, ಹಾಗಾದ್ರೆ ಇಳಿದುಬಿಡಿ. ಕಿರಿದಾದ ಘಟ್ಟದ ರಸ್ತೇಲಿ ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡ್ಬೇಕು ಅಂತ ನಿಯಮ ಇದೆ, ಅದನ್ನ ನಂಬ್ಕೊಂಡು ತಿರುವಲ್ಲಿ ನುಗ್ಗಬೇಡಿ.

ಇಳಿಯೋವಾಗ ಅಂಚು ಬೇಡ್ವೇ ಬೇಡ. ಮಳೆಗಾಲದಲ್ಲಿ ಬಿಸಿಲು ಬೀಳದ ಕಡೆ ಅಂಚಿಗೆ ಪಾಚಿ ಕಟ್ಟಿರತ್ತೆ, ತೋಟದ ಪಕ್ಕ ಸಿಲ್ವರ್ ಓಕ್ ದರಗು ಒದ್ದೆಯಾಗಿ ಬಿದ್ದಿರತ್ತೆ, ಅದರ ಮೇಲೆ ಬ್ರೇಕ್ ಹಿಡಿದ್ರೆ ಸೋಪಿನ ಮೇಲೆ ಕಾಲಿಟ್ಟ ಹಾಗೆ. ನಿಮ್ಮ ಅರ್ಧದ ಮಧ್ಯ ಇಳೀರಿ, ಸ್ಪೀಡ್ ಕಮ್ಮಿ ಮಾಡೋದೆಲ್ಲಾ ತಿರುವಿನ ಮುಂಚೇನೇ ಮುಗಿಸಿ. ಗಂಟೆಗೆ 36 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 10 ಮೀಟರ್, ಮಂಜಲ್ಲಿ 20 ಮೀಟರ್ ಕಾಣ್ತಿದ್ರೆ ನಿಮ್ಮ ಹತ್ರ ಇರೋದು ಎರಡೇ ಸೆಕೆಂಡು. ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು ಹಗಲಲ್ಲೂ ಹಾಕಿ. ಬ್ರೇಕ್ ಒಂದೇ ಸಮ ಒತ್ಕೊಂಡ್ ಇರ್ಬೇಡಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಬನ್ನಿ, ಚಕ್ರದ ಬಳೆಗೇ ಒತ್ತೋ ರಿಮ್ ಬ್ರೇಕಾದ್ರೆ ನಡುವೆ ಒಂದೆರಡು ಕಡೆ ಪೂರ್ತಿ ರೋಡಿಂದ ಆಚೆ ನಿಂತು ರಿಮ್ ತಣ್ಣಗಾಗೋಕೆ ಬಿಡಿ, ಆ ಟೈಮಲ್ಲಿ ಸಾಕ್ಸ್ ಒಳಗೆ ಜಿಗಣೆ ಸೇರಿದ್ಯಾ ಅಂತಾನೂ ನೋಡ್ಕೊಬಹುದು.